ಹಳೇ ಡಿಸ್ಕ್ ಕಾರ್ಡ್ ಹೊಸ ಲಿನಕ್ಸ್‌ಗೆ ಕಾಣ್ತಿಲ್ಲ, ಅನುಭವ ಇದ್ದವರು ಹೇಳಿ

ಪ್ರಶ್ನೆ, ಗದಗದಿಂದ:
ಬೆಟಗೇರಿಯಲ್ಲಿ ನಮ್ಮದು ಪ್ರಿಂಟಿಂಗ್ ಪ್ರೆಸ್. ಹಳೇ ಸರ್ವರ್ ತೆಗೆದು, ಅದರಲ್ಲಿದ್ದ ಎಲ್‌ಎಸ್‌ಐ 9211-8ಐ ಕಾರ್ಡ್ (ಹಾರ್ಡ್‌ಡಿಸ್ಕ್‌ಗಳನ್ನು ಜೋಡಿಸುವ ಕಾರ್ಡ್) ಮತ್ತು ಮಿರರ್ ಮಾಡಿದ, ಅಂದರೆ ಎರಡರಲ್ಲೂ ಒಂದೇ ಡೇಟಾ ಇರುವ ಎರಡು ಹಾರ್ಡ್‌ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಹಾಕಿದ್ದೇನೆ. ಆನ್ ಮಾಡಿದಾಗ ಕಾರ್ಡ್ ಎರಡೂ ಡಿಸ್ಕ್ ತೋರಿಸುತ್ತದೆ. ರಾಕಿ ಲಿನಕ್ಸ್ 8 ಹಾಕಲು ಹೋದರೆ ಡಿಸ್ಕೇ ಇಲ್ಲ ಅನ್ನುತ್ತದೆ. ನುಡಿ ಫಾಂಟಿನಲ್ಲಿ ಮಾಡಿದ ಪುಸ್ತಕದ ಪುಟಗಳೆಲ್ಲ ಅದರಲ್ಲೇ ಇವೆ. ಕಾರ್ಡ್ ಹೋಗಿದೆಯಾ?

ಹುಬ್ಬಳ್ಳಿಯಿಂದ:
ಕಾರ್ಡ್ ಹೋಗಿಲ್ಲ ಸರ್, ಗಾಬರಿ ಬೇಡ. ಆನ್ ಮಾಡಿದಾಗ ಕಾಣುವುದು ಕಾರ್ಡಿನ ಸ್ವಂತ ಬಯೋಸ್, ಅಂದರೆ ಕಾರ್ಡಿನೊಳಗೇ ಇರುವ ಸಣ್ಣ ಪ್ರೋಗ್ರಾಂ. ಲಿನಕ್ಸ್‌ಗೆ ಕಾಣಬೇಕಾದರೆ ಡ್ರೈವರ್ ಬೇಕು. ನಿಮ್ಮ ಕಾರ್ಡಿನಲ್ಲಿರುವುದು ಸ್ಯಾಸ್2008 ಚಿಪ್, ಅದರ ನಂಬರ್ 1000:0072. 2019ರಲ್ಲಿ ಬಂದ ರೆಡ್ ಹ್ಯಾಟ್ 8ರಲ್ಲಿ ಡ್ರೈವರ್ ಇದೆ, ಆದರೆ ಆ ಡ್ರೈವರಿನ ಪಟ್ಟಿಯಿಂದ ಈ ನಂಬರ್ ತೆಗೆದಿದ್ದಾರೆ. ರಾಕಿ 8 ರೆಡ್ ಹ್ಯಾಟ್ 8ನ್ನೇ ಅನುಸರಿಸುವ ಲಿನಕ್ಸ್, ಹಾಗಾಗಿ ಅದರಲ್ಲೂ ಇಲ್ಲ.

ಮೊದಲು ಇನ್‌ಸ್ಟಾಲ್ ವಿಚಾರ ಬಿಡಿ, ಡೇಟಾ ನೋಡಿ. ಉಬುಂಟು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆ ಸುಮ್ನೆ ಟ್ರೈ ಮೋಡ್‌ನಲ್ಲಿ. ಅದರ ಕರ್ನಲ್ (ಲಿನಕ್ಸಿನ ಮೂಲ ಭಾಗ) ಈ ಚಿಪ್ಪನ್ನು ಈಗಲೂ ಗುರುತಿಸುತ್ತದೆ. ಟರ್ಮಿನಲ್‌ನಲ್ಲಿ 'ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ' ಕೊಡಿ. ಕಾರ್ಡಿನ ಸಾಲಿನ ಕೆಳಗೆ ಡ್ರೈವರ್ ಎಂಪಿಟಿ3ಸ್ಯಾಸ್ ಎಂದು ಬಂದರೆ ಅರ್ಧ ಕೆಲಸ ಆದಂತೆ. ಮಿರರ್ ಒಂದೇ ಡಿಸ್ಕ್ ಆಗಿ ಕಾಣುತ್ತದೆ. ರೀಡ್-ಓನ್ಲಿ ಆಗಿ, ಅಂದರೆ ಏನೂ ಬರೆಯಲಾಗದಂತೆ ಮೌಂಟ್ ಮಾಡಿ ಎಲ್ಲವನ್ನೂ ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ಪುಸ್ತಕದ ನಾಲ್ಕಾರು ಫೈಲ್ ತೆರೆದೂ ನೋಡಿ.

ಅಲ್ಲಿವರೆಗೆ ಕಂಟ್ರೋಲ್-ಸಿ ಒತ್ತಿದಾಗ ಬರುವ ಕಾರ್ಡಿನ ಮೆನುವಿನಲ್ಲಿ ಏನನ್ನೂ ಹೊಸದಾಗಿ ಮಾಡಬೇಡಿ. ಹೊಸ ರೇಡ್ (ಡಿಸ್ಕ್‌ಗಳನ್ನು ಮಿರರ್‌ನಂತೆ ಒಟ್ಟು ಸೇರಿಸುವುದು) ಮಾಡಲು ಹೋದರೆ ಇದ್ದ ಡೇಟಾ ಹೋಗುತ್ತದೆ.

ಧಾರವಾಡದಿಂದ:
ಮೇಲಿನವರು ಹೇಳಿದ್ದು ಸರಿ. ಕಾಪಿ ಆದ ಮೇಲೆ ರಾಕಿಯೇ ಬೇಕೆಂದಿಲ್ಲದಿದ್ದರೆ ಆಲ್ಮಾಲಿನಕ್ಸ್ 8.10 ಹಾಕಿ, ಅದೂ ರಾಕಿಯಂತೆ ರೆಡ್ ಹ್ಯಾಟ್ ಅನುಸರಿಸುವ ಲಿನಕ್ಸ್. ರೆಡ್ ಹ್ಯಾಟ್ ಕೈಬಿಟ್ಟ ಹಳೇ ಕಾರ್ಡುಗಳಲ್ಲಿ ಹಲವನ್ನು 2024ರಲ್ಲಿ ಆಲ್ಮಾದವರು 8.10 ಮತ್ತು 9.4ರಲ್ಲಿ ಮತ್ತೆ ಸೇರಿಸಿದ್ದಾರೆ. ನಮ್ಮ ಲ್ಯಾಬಿನಲ್ಲಿ ಇದೇ ಚಿಪ್ಪಿನ ಕಾರ್ಡ್ ಯಾವ ತಕರಾರೂ ಇಲ್ಲದೆ ನಡೆಯುತ್ತಿದೆ.

ರಾಕಿಯೇ ಬೇಕಾದರೆ ಎಲ್‌ರೆಪೋದವರ (ರೆಡ್ ಹ್ಯಾಟ್ ಬಗೆಯ ಲಿನಕ್ಸ್‌ಗಳಿಗೆ ಹೆಚ್ಚುವರಿ ಡ್ರೈವರ್ ಕೊಡುವವರು) ಡ್ರೈವರ್ ಡಿಸ್ಕ್ ಫೈಲ್ ಇದೆ. ಅದನ್ನು ಇನ್ನೊಂದು ಪೆನ್‌ಡ್ರೈವ್‌ಗೆ ಹಾಕಿ, ಇನ್‌ಸ್ಟಾಲರ್ ಶುರುವಾಗುವ ಸಾಲಿನ ಕೊನೆಗೆ 'ಇನ್‌ಸ್ಟ್.ಡಿಡಿ' ಸೇರಿಸಬೇಕು. ಇದರಲ್ಲಿ ಕಿರಿಕಿರಿ ಆಮೇಲೆ ಶುರುವಾಗುತ್ತದೆ. ಕರ್ನಲ್ ದೊಡ್ಡ ಅಪ್‌ಡೇಟ್ ಬಂದಾಗ ಅದಕ್ಕೆ ಹೊಂದುವ ಡ್ರೈವರೂ ಬಂದಿದೆಯಾ ಎಂದು ನೋಡಿಯೇ ಅಪ್‌ಡೇಟ್ ಕೊಡಬೇಕು. ಇಲ್ಲದಿದ್ದರೆ ಬೆಳಿಗ್ಗೆ ಪ್ರೆಸ್ ತೆರೆದಾಗ ಕಂಪ್ಯೂಟರ್ ಬೂಟ್ ಆಗುವುದಿಲ್ಲ. ಕೆಲಸದ ಜಾಗಕ್ಕೆ ಅದು ಜಾಸ್ತಿ ತಲೆನೋವು.

ಹಾವೇರಿಯಿಂದ:
ಒಂದು ಮಾತು ಸೇರಿಸುತ್ತೇನೆ. ಈ ಕಾರ್ಡ್ ವಿಪರೀತ ಬಿಸಿಯಾಗುತ್ತದೆ. ಸರ್ವರ್‌ನಲ್ಲಿ ಜೋರು ಗಾಳಿ ಇರುತ್ತದೆ, ಮಾಮೂಲಿ ಕ್ಯಾಬಿನೆಟ್‌ನಲ್ಲಿ ಇರುವುದಿಲ್ಲ. ಹೀಟ್‌ಸಿಂಕ್ ಕಡೆ ಒಂದು ಸಣ್ಣ ಫ್ಯಾನ್ ತಿರುಗಿಸಿ ಕೂರಿಸಿ. ನಮ್ಮ ಕಡೆಯ ಏಪ್ರಿಲ್ ಬಿಸಿಲು ನಿಮಗೇ ಗೊತ್ತಲ್ವಾ.

ಗದಗದಿಂದ:
ಉಬುಂಟುವಿನಲ್ಲಿ ಡಿಸ್ಕ್ ಕಾಣಿಸಿತು, ಕಾಪಿ ನಡೀತಿದೆ. ತುಂಬಾ ಉಪಕಾರ ಆಯಿತು. ಇನ್ನೊಂದು ಕೇಳಲಾ? ಕಾರ್ಡಿಗೆ ಐಟಿ ಮೋಡ್ ಫರ್ಮ್‌ವೇರ್ (ಕಾರ್ಡಿನೊಳಗಿನ ಸಾಫ್ಟ್‌ವೇರ್) ಫ್ಲ್ಯಾಶ್ ಮಾಡಿದರೆ, ಅಂದರೆ ಬದಲಾಯಿಸಿ ಬರೆದರೆ ರಾಕಿಗೂ ಕಾಣುತ್ತದೆ ಎಂದು ಒಬ್ಬರು ಹೇಳಿದರು.

ಹುಬ್ಬಳ್ಳಿಯಿಂದ:
ಕಾಣುವುದಿಲ್ಲ ಸರ್. ಫರ್ಮ್‌ವೇರ್ ಬದಲಾದರೂ ಚಿಪ್ಪಿನ ನಂಬರ್ 1000:0072 ಅದೇ ಇರುತ್ತದೆ, ಹಾಗಾಗಿ ರಾಕಿ ಮೊದಲಿನಂತೆಯೇ ಬಿಟ್ಟುಬಿಡುತ್ತದೆ. ಐಟಿ ಮೋಡ್ ಬೇಕಾಗುವುದು ರೇಡ್ ಕೆಲಸ ಕಾರ್ಡ್ ಮಾಡದೆ ಲಿನಕ್ಸೇ ಮಾಡಲಿ ಅನ್ನುವವರಿಗೆ. ಅದು ಒಳ್ಳೆಯ ದಾರಿಯೇ. ನಾಳೆ ಕಾರ್ಡ್ ಹೋದರೂ ಡಿಸ್ಕನ್ನು ಬೇರೆ ಯಾವ ಲಿನಕ್ಸ್ ಕಂಪ್ಯೂಟರ್‌ಗೆ ಹಾಕಿದರೂ ಮಿರರ್ ಎದ್ದು ನಿಲ್ಲುತ್ತದೆ. ಮಾಡುವುದಾದರೆ ಕಾಪಿ ಪೂರ್ತಿ ಮುಗಿದ ಮೇಲೆ, ಡಿಸ್ಕುಗಳ ಕೇಬಲ್ ಬಿಚ್ಚಿಟ್ಟು, ಯುಪಿಎಸ್ ಮೇಲೆ ಮಾಡಿ. ಫ್ಲ್ಯಾಶ್ ನಡುವೆ ಕರೆಂಟ್ ಹೋದರೆ ಕಾರ್ಡ್ ಏಳದೆ ಹೋಗಬಹುದು. ಫರ್ಮ್‌ವೇರ್ 20.00.07.00 ಹಾಕಿ, 20ರ ಸರಣಿಯ ಮೊದಲಿನವು ಬೇಡ.