ಮಲಾವಿಗೆ ಸ್ವಯಂಸೇವೆಗೆ ಹೊರಟಿದ್ದೇವೆ, ಗೊತ್ತಿದ್ದವರು ಹೇಳಿ

ಕೇಳಿದವರು, ಉಡುಪಿ:
ನಾನು ಮಕ್ಕಳ ವಾರ್ಡಿನ ಸ್ಟಾಫ್ ನರ್ಸ್. ನಮ್ಮವರು ಕೃಷಿ ಬಿ.ಎಸ್ಸಿ. ನವೆಂಬರಿನಿಂದ ಏಪ್ರಿಲ್‌ವರೆಗೆ ಆಫ್ರಿಕದ ಮಲಾವಿಗೆ ಕರೆದಿದ್ದಾರೆ. ನನ್ನದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಅಪೌಷ್ಟಿಕ ಮಕ್ಕಳ ಆರೈಕೆ, ಅವರದ್ದು ಮೆಕ್ಕೆಜೋಳ ಕೆಡದಂತೆ ಇಡುವುದನ್ನು ರೈತರಿಗೆ ಕಲಿಸುವ ಕೆಲಸ. ಎಂತೆಂತ ನೋಡಿಕೊಳ್ಳಬೇಕು?

ಕೃಷಿ ವಿಸ್ತರಣೆಯವರು, ಕಾರ್ಕಳ:
ಮೊದಲು ತಿಂಗಳು ಬದಲಿಸಲು ಕೇಳಿ ಮೇಡಂ. ನಮ್ಮಲ್ಲಿ ಮಳೆ ಜೂನಿಗೆ ಹಿಡಿದರೆ ಅಲ್ಲಿ ನವೆಂಬರಿಗೆ. ಕೊಯ್ಲು ಏಪ್ರಿಲ್-ಮೇ ತಿಂಗಳಲ್ಲಿ. ಅಂದರೆ ನಿಮ್ಮವರು ಇರುವಷ್ಟು ದಿನ ಕಣಜ ಬರಿದಾಗುತ್ತಾ ಹೋಗುತ್ತದೆ, ಒಣಗಿಸಬೇಕಾದ ಕಾಳು ಮನೆಗೆ ಬರುವಾಗ ಅವರು ವಾಪಸ್ ಹೊರಟಿರುತ್ತಾರೆ. ನಿಮ್ಮ ಕೆಲಸಕ್ಕೆ ಜನವರಿಯಿಂದ ಮಾರ್ಚ್ ಮುಖ್ಯ. ಹಳೇ ಕಾಳು ಮುಗಿದು ಹೊಸದು ಬಾರದ ಹಸಿವಿನ ತಿಂಗಳುಗಳು ಅವು. ಜನವರಿಯಿಂದ ಜೂನ್ ಸಿಕ್ಕಿದರೆ ಇಬ್ಬರಿಗೂ ಕೂಡಿಬರುತ್ತದೆ. ಒಪ್ಪದಿದ್ದರೆ ಬೇರೆ ಬೇರೆಯಾಗಿ ಹೋಗುವುದೇ ಮೇಲು.

ಹೆದರಬೇಕಾದ್ದು ಹುಳಕ್ಕಿಂತ ಅಫ್ಲಾಟಾಕ್ಸಿನ್‌ಗೆ. ಬೂಷ್ಟಿನಿಂದ ಬರುವ ವಿಷ ಅದು, ಬೇಯಿಸಿದರೂ ಹೋಗುವುದಿಲ್ಲ. 2004ರಲ್ಲಿ ಕೆನ್ಯಾದಲ್ಲಿ ಇಂಥ ಮೆಕ್ಕೆಜೋಳ ತಿಂದು 317 ಮಂದಿಗೆ ಬಾಧೆಯಾಗಿ 125 ಮಂದಿ ತೀರಿಕೊಂಡರು. ಆದ್ದರಿಂದ ಬರಿ ನೆಲದಲ್ಲಿ ಹರಡುವುದು ಬೇಡ, ಟಾರ್ಪಾಲು ಬೇಕು. ಅಂಗಳದಲ್ಲಿ ಅಡಿಕೆ ಒಣಗಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೇವ ಅಳೆಯುವ ಯಂತ್ರ ಇಲ್ಲದ ಕಡೆ ಉಪ್ಪಿನ ಪರೀಕ್ಷೆ ಸಾಕು. ಒಣ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಕಾಳು, ಎರಡು-ಮೂರು ದೊಡ್ಡ ಚಮಚ ಪುಡಿ ಉಪ್ಪು ಹಾಕಿ, ಮುಚ್ಚಿ ಒಂದು ನಿಮಿಷ ಕುಲುಕಿ, 15 ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ. 15ಕ್ಕಿಂತ ಹೆಚ್ಚು. ಉಪ್ಪೇ ಹಸಿಯಿದ್ದರೆ ಒಣ ಕಾಳಿಗೂ ಅಂಟುತ್ತದೆ, ಅದಕ್ಕೆ ಮೊದಲು ಬಾಣಲೆಯಲ್ಲಿ ಬಿಸಿ ಮಾಡಿ ಆರಿಸಿ. ಅಂಟಲಿಲ್ಲ ಅಂತ ಕೂಡಲೇ ಚೀಲಕ್ಕೆ ತುಂಬಬೇಡಿ. ತೇವ ಶೇ. 13ಕ್ಕೆ ಇಳಿಯಬೇಕು, ಇನ್ನೂ ಒಂದೆರಡು ಬಿಸಿಲು ಕಾಣಲಿ.

ಆಮೇಲೆ ಪಿಕ್ಸ್ ಚೀಲ. ಒಳಗೆ ಎರಡು ದಪ್ಪ ಪಾಲಿಥಿನ್, ಹೊರಗೆ ಪ್ಲಾಸ್ಟಿಕ್ ಗೋಣಿ. ಒಂದೊಂದು ಪದರವನ್ನೂ ಗಾಳಿ ಹಿಂಡಿ, ತಿರುಚಿ, ಮಡಚಿ ಬೇರೆ ಬೇರೆ ಕಟ್ಟಬೇಕು. ಒಳಗಿನ ಆಮ್ಲಜನಕ ಕಡಿಮೆಯಾಗಿ ಹುಳ ಸಾಯುತ್ತದೆ, ಮದ್ದು ಬೇಡ. ದಿನಾ ಬಿಚ್ಚಿ ಅಡುಗೆಗೆ ತೆಗೆದರೆ ಗಾಳಿ ಹೊಕ್ಕು ಎಲ್ಲ ವ್ಯರ್ಥ. ಮೊದಲ ತಿಂಗಳುಗಳ ಊಟದ ಕಾಳು ಬೇರೆ ಚೀಲದಲ್ಲಿರಲಿ.

ಮಕ್ಕಳ ಪೌಷ್ಟಿಕ ವಿಭಾಗದ ನರ್ಸ್, ಮಂಗಳೂರು:
ಅಕ್ಕ, ತೋಳಿನ ಸುತ್ತಳತೆ ನೋಡುವ ಪಟ್ಟಿ ನಿಮಗೆ ಗೊತ್ತೇ ಉಂಟು: 6ರಿಂದ 59 ತಿಂಗಳ ಮಗುವಿಗೆ 11.5 ಸೆಂ.ಮೀ.ಗಿಂತ ಕಡಿಮೆಯಾದರೆ ತೀವ್ರ ಅಪೌಷ್ಟಿಕತೆ. ಇಲ್ಲಿ ಕಲಿತವರು ತಪ್ಪುವುದು ಪಾದದಲ್ಲಿ. ನಮ್ಮಲ್ಲಿ ಸೊರಗಿದ ಮಕ್ಕಳೇ ಹೆಚ್ಚು, ಅಲ್ಲಿ ಮೈ ಬಾತ ಮಕ್ಕಳೂ ಬರುತ್ತಾರೆ. ಎರಡೂ ಪಾದವನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ. ಎರಡರಲ್ಲೂ ಗುಳಿ ಉಳಿದರೆ ತೋಳು 13 ಸೆಂ.ಮೀ. ಇದ್ದರೂ ತೀವ್ರವೇ. ಗುಂಡಗೆ ಕಾಣುತ್ತದೆ ಅಂತ ಅಂಥ ಮಗುವನ್ನು ಮನೆಗೆ ಕಳಿಸಬೇಡಿ ದಯವಿಟ್ಟು.

ಅಪೌಷ್ಟಿಕ ಮಕ್ಕಳ ಚಿಕಿತ್ಸೆಗೆ ಕೊಡುವ ನೆಲಗಡಲೆ ಪೇಸ್ಟಿನ ಪ್ಯಾಕೆಟ್ (92 ಗ್ರಾಂ, 500 ಕಿಲೊಕ್ಯಾಲರಿ) ಮನೆಗೆ ಕೊಡುವ ಮೊದಲು ಎದುರಲ್ಲೇ ತಿನ್ನಿಸಿ ನೋಡಿ. ತಿನ್ನದಿದ್ದರೆ ಅಡ್ಮಿಟ್ ಮಾಡಿ ಎಫ್-75 ಹಾಲು (ಚಿಕಿತ್ಸೆಯ ಮೊದಲ ಹಂತದಲ್ಲಿ ಕೊಡುವ ವಿಶೇಷ ಹಾಲು); ಆ ಹಂತದಲ್ಲಿ ಕಬ್ಬಿಣದ ಔಷಧ ಇಲ್ಲ. ಭೇದಿ ಅಂತ ಡ್ರಿಪ್ ಏರಿಸುವುದೂ ಬೇಡ, ರಕ್ತಸಂಚಾರ ಕುಸಿದು ಶಾಕ್ ಆಗಿದ್ದರೆ ಮಾತ್ರ. ಸೋತ ಹೃದಯ ಅಷ್ಟು ನೀರು ತಡೆಯುವುದಿಲ್ಲ. ಮನೆಗೆ ಹೋದ ಮಗುವಿನ ತೂಕ ಏರದಿದ್ದರೆ ತಾಯಿಯನ್ನು ಗದರಬೇಡಿ. ಪ್ಯಾಕೆಟ್ ಉಳಿದ ಮಕ್ಕಳಿಗೂ ಹಂಚಿಹೋಗಿರಬಹುದು. ಅಂಥ ಮನೆಯ ಹೆಸರು ನಿಮ್ಮವರು ಕಲಿಸುವ ರೈತರ ಪಟ್ಟಿಗೆ ಮೊದಲು ಸೇರಲಿ.

ಇನ್ನೊಂದು: ಸೂಜಿ ಚುಚ್ಚಿಕೊಂಡರೆ ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕು. ಅದು ಎಲ್ಲಿ ಸಿಗುತ್ತದೆ ಅಂತ ಹೊರಡುವ ಮೊದಲೇ ಕೇಳಿಟ್ಟುಕೊಳ್ಳಿ.

ಕಾಗದಪತ್ರ ನೋಡುವವರು, ಕುಂದಾಪುರ:
ಸಂಬಳವಿಲ್ಲದ ಕೆಲಸವಾದರೂ ಅಲ್ಲಿಯ ನರ್ಸಿಂಗ್ ಕೌನ್ಸಿಲ್ ನೋಂದಣಿಯ ಬಗ್ಗೆ ಕರೆದವರಲ್ಲಿ ಬರಹದಲ್ಲೇ ಕೇಳಿ. ಕರ್ನಾಟಕ ನರ್ಸಿಂಗ್ ಕೌನ್ಸಿಲಿನ ಗುಡ್ ಸ್ಟ್ಯಾಂಡಿಂಗ್ ಪತ್ರಕ್ಕೆ (ನಿಮ್ಮ ಮೇಲೆ ದೂರು, ಕ್ರಮ ಇಲ್ಲ ಎನ್ನುವ ಪತ್ರ) ಈಗಲೇ ಅರ್ಜಿ ಹಾಕಿ. ಪ್ರಮಾಣಪತ್ರಗಳಿಗೆ ರಾಜ್ಯದ ದೃಢೀಕರಣ ಮೊದಲು, ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ (ಹೊರದೇಶದಲ್ಲಿ ಒಪ್ಪುವ ದೃಢೀಕರಣ) ಆಮೇಲೆ. ಲ್ಯಾಮಿನೇಷನ್ ಮಾಡಿಸಿದ ಅಂಕಪಟ್ಟಿಯ ಮೇಲೆ ಮೊಹರು ಕೂರುವುದಿಲ್ಲ, ಹಾಗಿದ್ದರೆ ವಿಶ್ವವಿದ್ಯಾಲಯದಿಂದ ಇನ್ನೊಂದು ಪ್ರತಿ ತರಿಸಿ.

ಕೇಳಿದವರು, ಉಡುಪಿ:
ತುಂಬ ಉಪಕಾರವಾಯಿತು. ತಿಂಗಳು ಬದಲಿಸಲು ಇವತ್ತೇ ಬರೆಯುತ್ತೇವೆ. ಮಂಗಳೂರಿನಲ್ಲಿದ್ದಾಗ ಇಬ್ಬರಿಗೂ ಮಲೇರಿಯಾ ಬಂದುಹೋಗಿದೆ, ಆದರೂ ಅದನ್ನು ತಡೆಯುವ ಮಾತ್ರೆ ಬೇಕಾ?

ವೈದ್ಯರು, ಮಣಿಪಾಲ:
ಬೇಕೇ ಬೇಕು. ಮಂಗಳೂರಿನಲ್ಲಿ ಹೆಚ್ಚಾಗಿ ಕಂಡದ್ದು ವೈವಾಕ್ಸ್ ಎಂಬ ಬಗೆಯ ಮಲೇರಿಯಾ, ಅಲ್ಲಿಯದ್ದು ಹೆಚ್ಚು ಅಪಾಯದ ಫಾಲ್ಸಿಪಾರಂ. ಇಲ್ಲಿ ಬಂದುಹೋದದ್ದು ಅಲ್ಲಿ ಕಾಯುವುದಿಲ್ಲ. ಡಾಕ್ಸಿಸೈಕ್ಲಿನ್ ಆದರೆ ದಿನಕ್ಕೆ 100 ಮಿ.ಗ್ರಾಂ., ಹೊರಡುವ ಎರಡು ದಿನ ಮೊದಲು ಶುರು, ಊರಿಗೆ ಬಂದ ಮೇಲೂ ನಾಲ್ಕು ವಾರ. ಊಟದ ಜೊತೆ, ಲೋಟ ತುಂಬ ನೀರಿನಲ್ಲಿ. ನುಂಗಿದ ಕೂಡಲೇ ಮಲಗಿದರೆ ಅನ್ನನಾಳ ಸುಡುತ್ತದೆ. ಬಸುರಿಯಾಗುವ ಯೋಚನೆ ಇದ್ದರೆ ಬೇರೆ ಔಷಧ, ನಿಮ್ಮ ವೈದ್ಯರಲ್ಲಿ ಕೇಳಿ.

ದಾರಿ ಆಡಿಸ್ ಅಬಾಬಾ ಅಥವಾ ನೈರೋಬಿ ಮೇಲೆ ಹೋಗುವುದಾದರೆ ಯೆಲ್ಲೊ ಫೀವರ್ ಲಸಿಕೆ ಹಾಕಿಸಿಬಿಡಿ. ಹಾಕಿಸಿದ ಹತ್ತು ದಿನದ ನಂತರವೇ ಲಸಿಕೆಯ ಕಾರ್ಡಿಗೆ ಬೆಲೆ. ವಾಪಸ್ ಬಂದ ಮೇಲೆ ಜ್ವರ ಬಂದರೆ, ತಿಂಗಳು ಎರಡು ಕಳೆದಿದ್ದರೂ, ಆ ದಿನವೇ ಮಲೇರಿಯಾಕ್ಕೆ ರಕ್ತ ಪರೀಕ್ಷೆ ಮಾಡಿಸಿ, ಮಲಾವಿಯಿಂದ ಬಂದದ್ದನ್ನು ಮೊದಲ ಮಾತಿನಲ್ಲೇ ಹೇಳಿ.