ಪರದೇಶದಿಂದ ಬಂದ ತಾಯತಗಳು: ಹೇಗೆ ಇಟ್ಟುಕೊಳ್ಳಬೇಕು, ಹಳತಾದರೆ ಏನು ಮಾಡಬೇಕು?

ಪ್ರಶ್ನೆ: ನನ್ನ ಸೊಸೆ ಬಸುರಿಯಾಗಿದ್ದಾಗ ಟೋಕಿಯೊದ ನೆರೆಮನೆಯವರು ಸುಯಿತೆನ್‌ಗು ದೇವಾಲಯದಿಂದ ಸುಖಪ್ರಸವದ ಒಮಾಮೊರಿಯೊಂದನ್ನು (ಜಪಾನಿನ ದೇವಾಲಯಗಳು ಕೊಡುವ ರಕ್ಷೆಯ ಪುಟ್ಟ ಚೀಲ) ತಂದುಕೊಟ್ಟಿದ್ದರು. ಮಗುವಿಗೆ ಈಗ ಎರಡು ವರ್ಷ, ಮಗನ ಸಂಸಾರ ಮೈಸೂರಿಗೆ ಮರಳಿದೆ. ಬೈಲಕುಪ್ಪೆಯ ಲಾಮಾ ಒಬ್ಬರು ಮಗನ ಕೈಗೆ ಕಟ್ಟಿದ ಕೆಂಪು ದಾರ ಸವೆದು ಹರಿಯುವಂತಾಗಿದೆ. ಸ್ನೇಹಿತರು ಬ್ಯಾಂಕಾಕ್‌ನಿಂದ ತಂದ ಬುದ್ಧನ ಬಿಲ್ಲೆಯೂ ಮನೆಯಲ್ಲಿದೆ. ಇವನ್ನು ದೇವರ ಕೋಣೆಯಲ್ಲಿ ಇಡಬಹುದೇ? ಹಳತಾದವನ್ನು ಏನು ಮಾಡಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಟೋಕಿಯೊದಿಂದ ಉತ್ತರ: ಅಮ್ಮಾ, ಆ ಜರಿಬಟ್ಟೆಯ ಚೀಲವನ್ನು ಮಾತ್ರ ಬಿಚ್ಚಬೇಡಿ. ಒಳಗೆ ಸಾಮಾನ್ಯವಾಗಿ ದೇವರ ಹೆಸರನ್ನೋ ಪ್ರಾರ್ಥನೆಯನ್ನೋ ಬರೆದ ಕಾಗದ ಅಥವಾ ತೆಳುವಾದ ಮರದ ತುಂಡು ಇರುತ್ತದೆ. ನಮ್ಮಲ್ಲಿ ತಾಯತದೊಳಗಿನ ತಗಡನ್ನು ಯಾರೂ ತೆಗೆದು ನೋಡುವುದಿಲ್ಲವಲ್ಲ, ಇಲ್ಲಿಯೂ ಹಾಗೆಯೇ. ಸುಯಿತೆನ್‌ಗುವಿನ ಗಂಟೆಯ ಹಗ್ಗದ ಹಳೆಯ ಬಟ್ಟೆಯನ್ನು ಹೊಟ್ಟೆಗೆ ಕಟ್ಟಿಕೊಂಡ ಬಸುರಿಯರಿಗೆ ಹೆರಿಗೆ ಸುಲಭವಾಯಿತೆಂಬ ನಂಬಿಕೆ ಎದೊ ಕಾಲದಿಂದ (1603–1868) ಬಂದಿದ್ದು, ಗರ್ಭದ ಐದನೆಯ ತಿಂಗಳಲ್ಲಿ ನಾಯಿಯ ದಿನದಂದು (ಹನ್ನೆರಡು ಪ್ರಾಣಿಗಳ ಹೆಸರಿನಲ್ಲಿ ದಿನ ಎಣಿಸುವ ಇಲ್ಲಿನ ಹಳೆಯ ಪಂಚಾಂಗದ ಒಂದು ದಿನ) ಇಂದಿಗೂ ಅಲ್ಲಿ ಬಸುರಿಯರ ಸಾಲು ನಿಂತಿರುತ್ತದೆ. ನಿಮ್ಮ ನೆರೆಯವರು ಬಹಳ ಪ್ರೀತಿಯಿಂದಲೇ ಆರಿಸಿ ತಂದಿದ್ದಾರೆ.

ಒಮಾಮೊರಿಯನ್ನು ಸುಮಾರು ಒಂದು ವರ್ಷದ ನಂತರ, ಅಥವಾ ಬೇಡಿಕೊಂಡದ್ದು ಈಡೇರಿದ ಮೇಲೆ, ಪಡೆದ ದೇವಾಲಯಕ್ಕೇ ಕೃತಜ್ಞತೆಯೊಂದಿಗೆ ಒಪ್ಪಿಸುವುದು ಇಲ್ಲಿನ ವಾಡಿಕೆ. ಹೊಸ ವರ್ಷದಲ್ಲಿ ದೇವಾಲಯಗಳ ಅಂಗಳದಲ್ಲಿ ಹಳೆಯ ರಕ್ಷೆಗಳಿಗೆಂದೇ ಒಂದು ಜಾಗ ಮಾಡಿರುತ್ತಾರೆ. ಜನ ಚೀಲವನ್ನು ಅಲ್ಲಿ ಇಟ್ಟು, ಕಾಣಿಕೆ ಹಾಕಿ, ತಲೆಬಾಗಿ ಹೋಗುತ್ತಾರೆ. ಹಾಗೆ ಸೇರಿದವನ್ನು ಮಂತ್ರಪೂರ್ವಕವಾಗಿ ಅಗ್ನಿಗೆ ಅರ್ಪಿಸುತ್ತಾರೆ, ಎಷ್ಟೋ ಕಡೆ ಇದು ಜನವರಿ 15ರ ಆಸುಪಾಸಿನಲ್ಲಿ ನಡೆಯುತ್ತದೆ. ಶಿಂಟೊ (ಜಪಾನಿನ ಸ್ವಂತ ದೇವತಾರಾಧನೆಯ ಧರ್ಮ) ದೇವಾಲಯದ್ದನ್ನು ಶಿಂಟೊ ದೇವಾಲಯಕ್ಕೆ, ಬೌದ್ಧ ಮಂದಿರದ್ದನ್ನು ಬೌದ್ಧ ಮಂದಿರಕ್ಕೆ ಕೊಡುವುದು ಮುಖ್ಯ. ಅಂಚೆಯಲ್ಲಿ ಸ್ವೀಕರಿಸುವ ದೇವಾಲಯಗಳೂ ಇವೆಯಾದರೂ, ನನ್ನ ಮಾತು ಕೇಳುವುದಾದರೆ, ಟೋಕಿಯೊಗೆ ಹೊರಟವರ ಕೈಯಲ್ಲಿ ಅದೇ ನೆರೆಯವರಿಗೆ ತಲುಪಿಸಿ. ಮಗು ಕ್ಷೇಮವಾಗಿರುವ ಸುದ್ದಿಯೂ ಅವರಿಗೆ ಮುಟ್ಟುತ್ತದೆ. ಅಲ್ಲಿಯವರೆಗೆ ದೇವರ ಕೋಣೆಯಲ್ಲಿ ಎತ್ತರದ, ಶುಚಿಯಾದ ಜಾಗದಲ್ಲಿಡಿ. ವರ್ಷ ಕಳೆಯಿತೆಂದು ದೋಷವೇನೂ ತಗಲುವುದಿಲ್ಲ.

ಕುಶಾಲನಗರದಿಂದ ಉತ್ತರ: ಬೈಲಕುಪ್ಪೆಯ ಟಿಬೆಟನ್ನರು ನಮಗೆ ನೆರೆಯವರು, ದಶಕಗಳ ಒಡನಾಟ. ಆ ದಾರಕ್ಕೆ ಅವರು ಸುಂಗ್ದು ಎನ್ನುತ್ತಾರೆ. ಮಧ್ಯದಲ್ಲಿರುವ ಗಂಟನ್ನು ನೋಡಿ, ಲಾಮಾ ಮಂತ್ರ ಹೇಳುತ್ತಾ ಕಟ್ಟಿ, ಅದರ ಮೇಲೆ ಉಸಿರೂದಿ ಕೊಟ್ಟಿರುತ್ತಾರೆ. ತಾನಾಗಿ ಹರಿಯುವವರೆಗೆ ಧರಿಸುವವರೇ ಹೆಚ್ಚು. ಹರಿದ ಮೇಲೆ ಕಸದ ಬುಟ್ಟಿಗೆ ಹಾಕದೆ, ಯಾರೂ ತುಳಿಯದ ಕಡೆ ಸುಡುತ್ತಾರೆ ಅಥವಾ ಮರದ ಕೊಂಬೆಗೆ ಕಟ್ಟುತ್ತಾರೆ. ಮೈಸೂರಿನಿಂದ ಬೈಲಕುಪ್ಪೆ ದೂರವೇನಲ್ಲ. ಕಟ್ಟಿದ ಲಾಮಾರನ್ನೇ ಕಂಡು ಕೇಳಿ, ಬಹುಶಃ ಮೊಮ್ಮಗುವಿಗೂ ಒಂದು ಕಟ್ಟಿ ಕಳಿಸುತ್ತಾರೆ.

ಬ್ಯಾಂಕಾಕ್‌ನಿಂದ ಉತ್ತರ: ಬಿಲ್ಲೆಯನ್ನು ಧರಿಸುವುದಾದರೆ ಕೊರಳಿನಲ್ಲಿ ಧರಿಸಿ, ಪ್ಯಾಂಟಿನ ಜೇಬಿನಲ್ಲಾಗಲಿ ಸೊಂಟದ ಕೆಳಗಾಗಲಿ ಬೇಡ, ಬುದ್ಧನ ಬಿಂಬವನ್ನು ತಗ್ಗಿನಲ್ಲಿಡುವುದನ್ನು ಇಲ್ಲಿಯವರು ಅಗೌರವವೆಂದೇ ಭಾವಿಸುತ್ತಾರೆ. ಅದರ ಬೆಲೆ ಎಷ್ಟೆಂದು ವಿಚಾರಿಸಲು ಹೋಗಬೇಡಿ. ವಾಟ್ ರಖಾಂಗ್ ಮಂದಿರದ ಸೊಮ್‌ದೆತ್ ತೊ (1788–1872) ಎಂಬ ಗುರುಗಳು ಸುಣ್ಣದ ಪುಡಿ ಮುಂತಾದವನ್ನು ಕಲಸಿ ಅಚ್ಚೊತ್ತಿಸಿದ ಬಿಲ್ಲೆಗಳಿಗೆ ಇಂದು ಲಕ್ಷಾಂತರ ಬಾತ್ (ಥಾಯ್ಲೆಂಡಿನ ಹಣ) ಬೆಲೆಯಿದ್ದು, ಅದರಿಂದಾಗಿ ನಕಲಿಗಳ ವ್ಯಾಪಾರವೂ ಬೆಳೆದಿದೆ. ಸ್ನೇಹಿತರು ಕೊಟ್ಟದ್ದು ಹಳೆಯದೋ ಹೊಸದೋ, ಅದರ ಮುಂದೆ ಕೈಮುಗಿಯುವವರಿಗೆ ಅದರಿಂದ ವ್ಯತ್ಯಾಸವಾಗಬಾರದು ಎಂಬುದು ನನ್ನ ಅಭಿಪ್ರಾಯ. ಅಕಸ್ಮಾತ್ ಬಿಲ್ಲೆ ಒಡೆದರೆ ಎಸೆಯಬೇಡಿ. ಭಿನ್ನವಾದ ಬುದ್ಧನ ಮೂರ್ತಿಗಳನ್ನು ಇಲ್ಲಿ ಮಂದಿರದ ಬೋಧಿವೃಕ್ಷದ ಬುಡದಲ್ಲಿ ಇಟ್ಟು ಬರುತ್ತಾರೆ. ನೀವೂ ನಿಮ್ಮೂರಿನ ಅರಳಿಕಟ್ಟೆಯಲ್ಲಿ ಹಾಗೆಯೇ ಇಡಬಹುದು.