ನೀರು 34 ಡಿಗ್ರಿ ಆಗಿದೆ, ಗೋಲ್ಡ್ ಫಿಶ್ ಮೇಲೆ ಬಂದು ಬಾಯಿ ಬಿಡುತ್ತಿವೆ. ಐಸ್ ಹಾಕಬಹುದಾ?

ಬಿಸಿಲೂರಿನವ_ಕಲಬುರಗಿ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಎರಡು ಅಡಿ ಟ್ಯಾಂಕ್ ಇದೆ. ಸುಮಾರು 60 ಲೀಟರ್ ನೀರು, ಮೂರು ಗೋಲ್ಡ್ ಫಿಶ್. ಮಗಳು ಎರಡು ವರ್ಷದಿಂದ ಜೋಪಾನವಾಗಿ ನೋಡಿಕೊಂಡಿದ್ದಾಳೆ. ನಮ್ಮ ಕಡೆ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ, ಹೊರಗೆ 42 ದಾಟಿದೆ. ಮಧ್ಯಾಹ್ನ ಥರ್ಮಾಮೀಟರ್ ಬಿಟ್ಟು ನೋಡಿದರೆ ನೀರು 34! ಮೀನು ಮೂರೂ ಮೇಲೆ ಬಂದು ಬಾಯಿ ಬಿಡುತ್ತಿವೆ, ಬೆಳಗ್ಗೆ ಹಾಕಿದ ಕಾಳು ಹಾಗೇ ಬಿದ್ದಿದೆ. ಪಕ್ಕದ ಮನೆಯವರು ಐಸ್ ಟ್ರೇ ಸುರಿದುಬಿಡಿ ಅಂತಾರೆ. ಆದರೆ ಹೋದ ಬೇಸಿಗೆಯಲ್ಲಿ ಫ್ರಿಜ್ ನೀರು ಒಂದು ಬಿಂದಿಗೆ ಸುರಿದಿದ್ದೆ, ಮಾರನೇ ದಿನ ಒಂದು ಮೀನು ಸತ್ತಿತ್ತು, ಅದಕ್ಕೇ ಕೈ ಬರುತ್ತಿಲ್ಲ. ಎಸಿ ಇಲ್ಲ, ಕೂಲರ್ ಇದೆ. ಏನು ಮಾಡಲಿ?

ತೊಟ್ಟಿಮನೆ_ಮೈಸೂರು

ಸರ್, ಐಸ್ ಬೇಡ, ಸದ್ಯಕ್ಕೆ ತಂಪಿನ ಯೋಚನೆಯೇ ಬೇಡ. ಮೊದಲು ಗಾಳಿ. ಮೀನು ಬಾಯಿ ಬಿಡುತ್ತಿರುವುದು ಉಸಿರು ಸಾಲದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ನಿಲ್ಲುವುದಿಲ್ಲ, 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಹಿಡಿಯುವ ನೀರು 34ರಲ್ಲಿ 7 ಹಿಡಿದರೆ ಹೆಚ್ಚು, ಅದೇ ಹೊತ್ತಿಗೆ ಮೀನಿಗೆ ಮಾತ್ರ ಮೊದಲಿಗಿಂತ ಜಾಸ್ತಿ ಬೇಕಾಗುತ್ತದೆ. ಏರ್ ಪಂಪ್ ಇದ್ದರೆ ಈಗಲೇ ಹಾಕಿ. ಇಲ್ಲದಿದ್ದರೆ ಒಂದು ಮಗ್ ತಗೊಂಡು ಟ್ಯಾಂಕಿನ ನೀರನ್ನೇ ಎತ್ತಿ ಎತ್ತಿ ಮೇಲಿಂದ ಸುರಿಯಿರಿ, ಕರೆಂಟ್ ಹೋದಾಗ ನಾನು ಮಾಡುವುದೂ ಅದನ್ನೇ. ಬಿದ್ದಿರುವ ಕಾಳನ್ನು ತೆಗೆದುಬಿಡಿ, ಬಿಸಿ ನೀರಿನಲ್ಲಿ ಬೇಗ ಕೊಳೆತು ಅಮೋನಿಯಾ ಏರುತ್ತದೆ. ಇವತ್ತು ಇನ್ನು ಊಟ ಬೇಡ.

ಆಮೇಲೆ ಮುಚ್ಚಳ ತೆಗೆಯಿರಿ, ಲೈಟ್ ಆರಿಸಿ, ಹೀಟರ್ ಇದ್ದರೆ ಪ್ಲಗ್ ಕಿತ್ತಿಡಿ. ಮೀನು ಹಾರದ ಹಾಗೆ ಮೇಲೆ ಸೊಳ್ಳೆ ಪರದೆ ಬಟ್ಟೆ ಕಟ್ಟಿ, ಟೇಬಲ್ ಫ್ಯಾನ್ ಗಾಳಿ ನೀರಿನ ಮೇಲೆ ಓರೆಯಾಗಿ ಬೀಸುವ ಹಾಗೆ ಇಡಿ. ಫ್ಯಾನ್ ಟ್ಯಾಂಕಿಗೆ ಉರುಳದಂಥ ಜಾಗದಲ್ಲಿರಲಿ. ಮಣ್ಣಿನ ಮಡಕೆಯ ನೀರು ತಣ್ಣಗಾಗುತ್ತದಲ್ವಾ, ಅದೇ ಲೆಕ್ಕ ಇದು. ಆರಿ ಹೋಗುವ ನೀರು ಶಾಖವನ್ನು ಜೊತೆಗೆ ಒಯ್ಯುತ್ತದೆ. ನಿಮ್ಮೂರಿನ ಒಣ ಗಾಳಿಗೆ ಮೂರು–ನಾಲ್ಕು ಡಿಗ್ರಿ ಇಳಿಯುತ್ತದೆ. ಕೂಲರ್ ಅದೇ ಕೋಣೆಯಲ್ಲಿದ್ದರೆ ಕಿಟಕಿ ತೆರೆದಿರಲಿ, ಇಲ್ಲದಿದ್ದರೆ ತೇವ ಒಳಗೇ ನಿಂತು ನೀರು ಆರುವುದೇ ಇಲ್ಲ.

ಗೋಲ್ಡ್ ಫಿಶ್‌ಗೆ 18ರಿಂದ 24 ಹಿತ, ಆದರೆ ಮೇ ತಿಂಗಳ ಕಲಬುರಗಿಯಲ್ಲಿ ಅದರ ಹಿಂದೆ ಬೀಳಬೇಡಿ. 29ಕ್ಕೆ ಬಂದರೆ ಸಾಕು, ಅದೂ ನಿಧಾನವಾಗಿ, ಗಂಟೆಗೆ ಒಂದು ಡಿಗ್ರಿಗಿಂತ ಜಾಸ್ತಿ ಬೇಡ. ಹೋದ ವರ್ಷ ನಿಮ್ಮ ಮೀನು ಹೋಗಿದ್ದು ಬಹುಶಃ ಬಿಂದಿಗೆ ನೀರು ಒಮ್ಮೆಲೇ ಬಿದ್ದ ಆಘಾತಕ್ಕೆ.

ಕರಾವಳಿ_ಗಪ್ಪಿ

ಮಂಗಳೂರಿನಲ್ಲಿ ನನಗೆ ಫ್ಯಾನ್ ಅಷ್ಟು ಕೆಲಸಕ್ಕೆ ಬರುವುದಿಲ್ಲ, ಗಾಳಿಯಲ್ಲೇ ಅಷ್ಟು ತೇವ ಇರುತ್ತದೆ. ಹಾಗಾಗಿ ಬಾಟಲಿ ದಾರಿ. ಅರ್ಧ ಲೀಟರ್ ಪ್ಲಾಸ್ಟಿಕ್ ಬಾಟಲಿಗೆ ಮುಕ್ಕಾಲಿಗಿಂತ ಸ್ವಲ್ಪ ಜಾಸ್ತಿ ನೀರು ತುಂಬಿ, ಮುಚ್ಚಳ ಬಿಗಿ ಮಾಡಿ ಫ್ರೀಜರಿನಲ್ಲಿಡಿ, ಗಟ್ಟಿಯಾದ ಮೇಲೆ ಹೊರಗೆ ತೊಳೆದು ಟ್ಯಾಂಕಿನಲ್ಲಿ ತೇಲಿಬಿಡಿ. ಲೇಬಲ್, ಅಂಟು ಇರಬಾರದು. ನಿಮ್ಮ 60 ಲೀಟರಿಗೆ ಅಂಥದ್ದೊಂದು ಬಾಟಲಿ ಪೂರ್ತಿ ಕರಗಿದರೆ ಹತ್ತಿರ ಹತ್ತಿರ ಒಂದು ಡಿಗ್ರಿ ಇಳಿಯುತ್ತದೆ. ಎರಡು ಮೂರು ಒಟ್ಟಿಗೆ ಹಾಕಬೇಡಿ, ಒಂದು ಕರಗಿ ಥರ್ಮಾಮೀಟರ್ ನೋಡಿದ ಮೇಲೆ ಇನ್ನೊಂದು. ಬಿಡಿ ಐಸ್ ಹಾಕಿದರೆ ನಳದ ನೀರಿನ ಕ್ಲೋರಿನ್ ಕೂಡ ಸೇರುತ್ತದೆ, ಆ ಕಷ್ಟ ಬೇಡ.

ಇನ್ನೊಂದು, ಮಧ್ಯಾಹ್ನ ನೀರು ಬದಲಿಸಬೇಡಿ. ತಾರಸಿ ಟ್ಯಾಂಕಿನ ನೀರು ಆಗ ಟ್ಯಾಂಕಿಗಿಂತ ಬಿಸಿ ಇರುತ್ತದೆ.

ಬಿಸಿಲೂರಿನವ_ಕಲಬುರಗಿ

ತುಂಬಾ ಧನ್ಯವಾದ. ನಿನ್ನೆ ಮೊದಲು ಮಗ್‌ನಿಂದ ಎತ್ತಿ ಸುರಿದೆ, ಹದಿನೈದು ನಿಮಿಷಕ್ಕೆ ಎರಡು ಮೀನು ಕೆಳಗೆ ಹೋದವು, ಕಣ್ಣಲ್ಲಿ ನೀರು ಬಂತು. ಸಂಜೆ ಏರ್ ಪಂಪ್ ತಂದೆ. ರಾತ್ರಿಯೆಲ್ಲ ಫ್ಯಾನ್. ಇವತ್ತು ಮಧ್ಯಾಹ್ನ ಮೂರಕ್ಕೆ 30, ಬಾಟಲಿ ಒಂದನ್ನೇ ಹಾಕಿದ್ದು. ಮೂರೂ ತಳದ ಕಲ್ಲು ಕೆದಕುತ್ತಿವೆ. ಆದರೆ ನೀರಿನ ಮಟ್ಟ ಒಂದು ಬೆರಳು ಇಳಿದಿದೆ. ಬೋರ್‌ವೆಲ್ ನೀರು ಸೇರಿಸಲಾ?

ತೊಟ್ಟಿಮನೆ_ಮೈಸೂರು

ಓದಿ ಸಮಾಧಾನ ಆಯ್ತು ಸರ್. ಆ ಒಂದು ಬೆರಳು ನೀರೇ ನಿಮ್ಮ ಟ್ಯಾಂಕನ್ನು ತಣ್ಣಗಿಟ್ಟಿದ್ದು. ಒಂದು ಲೀಟರ್ ಆರಿ ಹೋದರೆ ಅಂಥ ಹತ್ತು ಬಾಟಲಿಯಷ್ಟು ಶಾಖ ಹೋದ ಹಾಗೆ. ಬೋರ್‌ವೆಲ್ ನೀರು ಬೇಡ, ಆರುವುದು ನೀರು ಮಾತ್ರ, ಲವಣ ಒಳಗೇ ಉಳಿಯುತ್ತದೆ, ಅದರ ಮೇಲೆ ಇನ್ನಷ್ಟು ಗಡಸು ನೀರು ಸೇರಿಸುತ್ತಾ ಹೋದರೆ ತಿಂಗಳೊಳಗೆ ಗಾಜಿನ ಮೇಲೆ ಬಿಳಿ ಪಟ್ಟೆ ಕಟ್ಟುತ್ತದೆ. ಆರಿ ಹೋದಷ್ಟಕ್ಕೆ ಆರ್‌ಒ ನೀರು ಹಾಕಿ. ರಾತ್ರಿಯೇ ಕೋಣೆಯಲ್ಲಿ ಬಕೆಟ್ಟಿಗೆ ಹಿಡಿದಿಟ್ಟು, ಬೆಳಗ್ಗೆ ಒಂದೊಂದು ಲೋಟದ ಹಾಗೆ ಸೇರಿಸಿ. ವಾರಕ್ಕೊಮ್ಮೆ ನೀರು ಬದಲಿಸುವಾಗ ಎಂದಿನ ನೀರೇ ಇರಲಿ. ಊಟ ನಾಳೆಯಿಂದ ಕೊಡಿ, ಬಿಸಿಲು ಇಳಿಯುವವರೆಗೆ ದಿನಕ್ಕೆ ಒಂದೇ ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು.